ಹಾಲಿನ ಪ್ರಾಜೆಕ್ಟನ್ನು ರೆಸ್ಯೂಮೆಯ ಎರಡನೇ ಪುಟದ ಕೊನೆಗೆ ತಳ್ಳಿದ್ದೇಕೆ?

ಮದ್ದೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಮೈಸೂರಿನಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಮುಗಿಸಿದ್ದೇನೆ. ನಂಜನಗೂಡಿನ ಔಷಧ ಮತ್ತು ಆಹಾರ ಕಂಪನಿಗಳಿಗೆ ರೆಸ್ಯೂಮೆ ಕಳಿಸುತ್ತಲೇ ಇದ್ದೇನೆ, ಉತ್ತರವೇ ಇಲ್ಲ. ಒಂದು ಕಡೆ ಮಾತ್ರ ಕರೆದರು. ‘250 ಎಂ.ಎಲ್. ನ್ಯೂಟ್ರಿಯೆಂಟ್ ಅಗರ್ ಮಾಡಿ ತೋರಿಸಿ ಎಂದರೆ ಹೇಗೆ ಮಾಡುತ್ತೀರಿ?’ ಎಂದು, ಬ್ಯಾಕ್ಟೀರಿಯಾ ಬೆಳೆಸುವ ಆ ಮಾಧ್ಯಮದ ಬಗ್ಗೆ ಕೇಳಿದಾಗ ತಡವರಿಸಿದೆ. ನನ್ನ ಇಂಗ್ಲಿಷ್ ಸರಿಯಿಲ್ಲದ್ದೇ ಕಾರಣವೇ? ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೇ? ರೆಸ್ಯೂಮೆಯ ಪ್ರತಿ ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ:

ಕ್ಲಾಸಿನ ಮಾತು ಸದ್ಯ ಇರಲಿ. ಆ ಪ್ರಶ್ನೆಗೆ ಕನ್ನಡದಲ್ಲಾದರೂ ಉತ್ತರ ಹೇಳಲು ಬರುತ್ತಿತ್ತೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಬರುತ್ತಿರಲಿಲ್ಲ ಎಂದಾದರೆ ತೊಂದರೆ ಭಾಷೆಯದಲ್ಲ.

ನಿಮ್ಮ ರೆಸ್ಯೂಮೆ ಎರಡು ಪುಟ ಇದೆ. ಮೊದಲಿಗೆ ‘ಸವಾಲಿನ ವಾತಾವರಣದಲ್ಲಿ ಬೆಳೆಯುವ ಆಸೆ’ ಎಂಬ ಉದ್ದೇಶ. ಆಮೇಲೆ ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಹವ್ಯಾಸ. ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ. ಇವನ್ನೆಲ್ಲ ತೆಗೆದರೆ ಒಂದು ಪುಟಕ್ಕೆ ಇಳಿಯುತ್ತದೆ, ಆಗ ಓದುವವರು ಹುಡುಕುತ್ತಿರುವುದು ಕಣ್ಣಿಗೆ ಬೀಳುತ್ತದೆ. ಅವರು ಹುಡುಕುವುದು ನಿಮ್ಮ ಪ್ರಾಜೆಕ್ಟನ್ನು. ನೀವು ಅದನ್ನು ‘ಹಾಲಿನಲ್ಲಿ ಬ್ಯಾಕ್ಟೀರಿಯಾಗಳ ಅಧ್ಯಯನ’ ಎಂಬ ಒಂದೇ ಸಾಲಿನಲ್ಲಿ ಎರಡನೇ ಪುಟದ ಕೊನೆಗೆ ತಳ್ಳಿದ್ದೀರಿ. ಪತ್ರದಲ್ಲಿ ನೀವೇ ಬರೆದಿರುವುದನ್ನು ಇಂಗ್ಲಿಷಿಗೆ ಇಳಿಸಿ ಮೇಲಕ್ಕೆ ತನ್ನಿ: ‘ಹಸಿ ಹಾಲಿನ 24 ಮಾದರಿ; ಬೇರ್ಡ್-ಪಾರ್ಕರ್ ಅಗರ್‌ನಲ್ಲಿ ಪ್ರತ್ಯೇಕಿಸಿ ಕೊಯಾಗ್ಯುಲೇಸ್ ಪರೀಕ್ಷೆಯಿಂದ ದೃಢೀಕರಣ; 9ರಲ್ಲಿ ಸ್ಟಾಫಿಲೋಕಾಕಸ್ ಔರಿಯಸ್.’ ಎಷ್ಟು ಮಾದರಿ, ಯಾವ ವಿಧಾನ, ಏನು ಸಿಕ್ಕಿತು ಎಂಬ ಮೂರೂ ಅಲ್ಲಿವೆ. (ಬೇರ್ಡ್-ಪಾರ್ಕರ್ ಅಗರ್ ಈ ಬ್ಯಾಕ್ಟೀರಿಯಾವನ್ನು ಆರಿಸಿ ಬೆಳೆಸುವ ಮಾಧ್ಯಮ; ಕೊಯಾಗ್ಯುಲೇಸ್ ಎಂದರೆ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುವ ಅದರ ಕಿಣ್ವ.) ಹಾಲಿನ ಡೇರಿಗಾಗಲಿ ಆಹಾರ ಕಂಪನಿಗಾಗಲಿ ಇದಕ್ಕಿಂತ ಹತ್ತಿರದ ಕೆಲಸ ಇನ್ನೇನಿದೆ?

ಇನ್ನು ರೆಸ್ಯೂಮೆಯಲ್ಲಿರುವ ಆ 22 ಲ್ಯಾಬ್ ತಂತ್ರಗಳ ಪಟ್ಟಿ. ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸುವುದು), ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಗುರುತಿಸುವುದು), ಪಿಸಿಆರ್ (ಡಿಎನ್ಎ ಪ್ರತಿಗಳನ್ನು ಹೆಚ್ಚಿಸುವುದು) ಎಲ್ಲವೂ ಅದರಲ್ಲಿವೆ. ಎಚ್‌ಪಿಎಲ್‌ಸಿಯನ್ನು ಡೆಮೊದಲ್ಲಿ ದೂರದಿಂದ ನೋಡಿದ್ದಷ್ಟೇ ಎಂದು ಪತ್ರದಲ್ಲಿ ನೀವೇ ಒಪ್ಪಿದ್ದೀರಿ. ರೆಸ್ಯೂಮೆ ಎಂದರೆ ಸಂದರ್ಶಕರ ಕೈಗೆ ನೀವೇ ಬರೆದು ಕೊಡುವ ಪ್ರಶ್ನೆಪತ್ರಿಕೆ. ‘ಯಾವ ಕಾಲಮ್, ಮೊಬೈಲ್ ಫೇಸ್ ಏನು?’ ಎಂಬ ಎರಡೇ ಪ್ರಶ್ನೆಗೆ ನೀವು ಸಿಕ್ಕಿಬೀಳುತ್ತೀರಿ, ಆಮೇಲೆ ನಿಜವಾಗಿ ಬರುವುದನ್ನೂ ಅವರು ನಂಬುವುದಿಲ್ಲ. ನೀವೇ ಕೈಯಾರೆ ಮಾಡಿದ ಏಳೆಂಟನ್ನು ಒಂದು ಸಾಲಿನಲ್ಲಿ ಬರೆಯಿರಿ, ಇನ್ನೊಬ್ಬರ ಜೊತೆ ನಿಂತು ಮಾಡಿದ್ದನ್ನು ಹಾಗೆಂದೇ ಹೇಳಿ ಬೇರೆ ಸಾಲಿಗೆ ಹಾಕಿ. ಬರೀ ನೋಡಿದ್ದು ಬೇಡ.

ಈಗ ಆ 250 ಎಂ.ಎಲ್. ಪ್ರಶ್ನೆ. ನ್ಯೂಟ್ರಿಯೆಂಟ್ ಅಗರ್ ಪುಡಿಯ ಡಬ್ಬಿಯ ಮೇಲೆ ಸಾಮಾನ್ಯವಾಗಿ ಲೀಟರಿಗೆ 28 ಗ್ರಾಂ ಎಂದಿರುತ್ತದೆ, ಹಾಗಾದರೆ 250ಕ್ಕೆ 7 ಗ್ರಾಂ. ಅವರು ಪರೀಕ್ಷಿಸಿದ್ದು ಈ ಭಾಗಾಕಾರವನ್ನಲ್ಲ, ಮುಂದಿನದನ್ನು. ನೀವು ಹೀಗೆ ಹೇಳಬೇಕಿತ್ತು: 500 ಎಂ.ಎಲ್. ಫ್ಲಾಸ್ಕ್ ತೆಗೆದುಕೊಳ್ಳುತ್ತೇನೆ, 250ರದಾದರೆ ಉಕ್ಕುತ್ತದೆ. ಪುಡಿ ಪೂರ್ತಿ ಕರಗುವವರೆಗೆ ಕುದಿಸುತ್ತೇನೆ, ಇಲ್ಲವಾದರೆ ಅಗರ್ ತಳಕ್ಕೆ ಕೂತು ಕೆಲವು ಪ್ಲೇಟು ಗಟ್ಟಿಯಾಗುವುದೇ ಇಲ್ಲ. ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಪಾತ್ರೆ) 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, 15 ನಿಮಿಷ. ಒಳಗಿನ ಗಾಳಿ ಪೂರ್ತಿ ಹೊರಹೋದ ಮೇಲೇ ವಾಲ್ವ್ ಮುಚ್ಚಬೇಕು. ಗಾಳಿ ಉಳಿದರೆ ಮೀಟರ್ 15 ತೋರಿಸುತ್ತದೆ, ಒಳಗೆ 121 ಮಾತ್ರ ಬಂದಿರುವುದಿಲ್ಲ. 45ರಿಂದ 50 ಡಿಗ್ರಿಗೆ ಆರಿದ ಮೇಲೆ ಸುರಿಯುತ್ತೇನೆ, ಬಿಸಿಯಿದ್ದಾಗ ಸುರಿದರೆ ಮುಚ್ಚಳದಲ್ಲಿ ನೀರು ಕಟ್ಟಿ ಕಾಲೊನಿಗಳು ಹರಡುತ್ತವೆ. ಪ್ಲೇಟಿಗೆ 20 ಎಂ.ಎಲ್.ನಂತೆ ಹನ್ನೆರಡು ಪ್ಲೇಟು. ಒಂದನ್ನು ಏನೂ ಹಾಕದೆ ಇನ್‌ಕ್ಯುಬೇಟರಿನಲ್ಲಿಟ್ಟು ಸ್ಟೆರಿಲಿಟಿ ನೋಡುತ್ತೇನೆ. ಒಡಕು ಇಂಗ್ಲಿಷಿನಲ್ಲಿ ಇಷ್ಟು ಹೇಳಿದ್ದರೂ ಸಾಕಿತ್ತು. ಬೇಕೆಂದರೆ ‘ಕನ್ನಡದಲ್ಲಿ ಹೇಳಬಹುದೇ ಸರ್?’ ಎಂದು ಕೇಳಿ. ನಂಜನಗೂಡಿನಲ್ಲಿ ಎದುರು ಕೂತವರಿಗೂ ಬಹುತೇಕ ಕನ್ನಡ ಬರುತ್ತದೆ. ಆದರೆ ಬ್ಯಾಚ್ ದಾಖಲೆ ಇಂಗ್ಲಿಷಿನಲ್ಲೇ ಇರುತ್ತದೆ, ಅದನ್ನು ಓದಿ ಬರೆಯುವಷ್ಟು ಬರಲೇಬೇಕು.

ನಿಮ್ಮದೇ ಪ್ರಾಜೆಕ್ಟಿನ ಮೇಲೆ ಬರಬಹುದಾದ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಬೇರ್ಡ್-ಪಾರ್ಕರ್‌ನಲ್ಲಿ ಕಾಲೊನಿ ಕಪ್ಪಾಗುವುದೇಕೆ? ಮಾಧ್ಯಮದಲ್ಲಿರುವ ಟೆಲುರೈಟ್ ಲವಣ ಅಪಕರ್ಷಣೆಗೊಂಡು (ರಿಡಕ್ಷನ್) ಕಪ್ಪು ಟೆಲುರಿಯಂ ಆಗುವುದರಿಂದ. ಸುತ್ತ ತಿಳಿ ವಲಯ ಏಕೆ? ಮೊಟ್ಟೆಯ ಹಳದಿಯ ಮೇಲೆ ಬ್ಯಾಕ್ಟೀರಿಯಾದ ಕಿಣ್ವಗಳು ಕೆಲಸ ಮಾಡುವುದರಿಂದ. ಕೊಯಾಗ್ಯುಲೇಸ್‌ಗೆ ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಹೋಲಿಕೆಯ ಮಾದರಿ) ಏನಿಟ್ಟಿರಿ? ಪಾಸಿಟಿವ್‌ಗೆ ಔರಿಯಸ್, ನೆಗೆಟಿವ್‌ಗೆ ಅದೇ ಕುಲದ ಎಪಿಡರ್ಮಿಡಿಸ್ ಎಂದು ತಟ್ಟನೆ ಬರಬೇಕು. ಇಟ್ಟಿರಲಿಲ್ಲವಾದರೆ ಇಟ್ಟೆ ಎನ್ನಬೇಡಿ, ‘ಇಡಬೇಕಿತ್ತು, ಇಡಲಿಲ್ಲ’ ಎನ್ನಿ. ಲೆಕ್ಕವೂ ಬರುತ್ತದೆ: 10ರ ಮೈನಸ್ 5 ಡೈಲ್ಯೂಷನ್‌ನಿಂದ 0.1 ಎಂ.ಎಲ್. ಹಾಕಿ 84 ಕಾಲೊನಿ ಬಂದರೆ, ಮೂಲ ಮಾದರಿಯಲ್ಲಿ ಎಂ.ಎಲ್.ಗೆ ಎಷ್ಟು ಸಿಎಫ್‌ಯು (ಕಾಲೊನಿ ಕಟ್ಟಬಲ್ಲ ಜೀವಕೋಶ)? ಲಕ್ಷ ಪಟ್ಟು ತೆಳುಮಾಡಿದ್ದರಿಂದ 84 ಅನ್ನು ಲಕ್ಷದಿಂದ ಗುಣಿಸಿ, ಬಂದ 84 ಲಕ್ಷವನ್ನು 0.1ರಿಂದ ಭಾಗಿಸಿ, 8 ಕೋಟಿ 40 ಲಕ್ಷ. ಹೆಚ್ಚಿನವರು ಆ 0.1 ಅನ್ನು ಮರೆತು ಹತ್ತು ಪಟ್ಟು ಕಡಿಮೆ ಹೇಳುತ್ತಾರೆ.

ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆಗೂ ಕಳಿಸಬೇಡಿ. ಔಷಧ ಕಂಪನಿಯ ಕ್ಯೂಸಿಗೆ (ಗುಣಮಟ್ಟ ನಿಯಂತ್ರಣ ವಿಭಾಗಕ್ಕೆ) ಬೇಕಾದದ್ದು ಬೇರೆ. ಸೋಯಾಬೀನ್ ಕೇಸಿನ್ ಡೈಜೆಸ್ಟ್ ಅಗರ್ 30ರಿಂದ 35 ಡಿಗ್ರಿಗೆ, ಸಬೊರೊ ಅಗರ್ 20ರಿಂದ 25ಕ್ಕೆ ಏಕೆ ಎನ್ನುವುದು ಅಲ್ಲಿ ಬಾಯಲ್ಲಿರಬೇಕು: ಮೊದಲನೆಯದು ಬ್ಯಾಕ್ಟೀರಿಯಾಕ್ಕೆ, ಎರಡನೆಯದು ಯೀಸ್ಟ್ ಮತ್ತು ಬೂಷ್ಟಿಗೆ. ದಾಖಲೆಯಲ್ಲಿ ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ; ತಪ್ಪು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಕಾಲೇಜಿನ ರೆಕಾರ್ಡಿನಲ್ಲಿ ಪೆನ್ಸಿಲ್ ಹಿಡಿದು ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ತಂತ್ರಜ್ಞಾನ ಸಂಶೋಧನೆ), ಡಿಎಫ್‌ಆರ್‌ಎಲ್ (ರಕ್ಷಣಾ ಪಡೆಗಳ ಆಹಾರ ಸಂಶೋಧನೆ) ಥರದ ಸರ್ಕಾರಿ ಪ್ರಯೋಗಾಲಯಗಳ ಹುದ್ದೆಗಳಲ್ಲಿ ಅನೇಕವು ಪ್ರಾಜೆಕ್ಟಿಗೆ ಕಟ್ಟಿಕೊಂಡವು, ಅವಧಿ ಮುಗಿದರೆ ಮುಗಿಯಿತು. ಜಾಹೀರಾತು ಅವರ ವೆಬ್‌ಸೈಟಿನಲ್ಲೇ ಬರುತ್ತದೆ. ಕಡ್ಡಾಯ ಅರ್ಹತೆಯ ಸಾಲನ್ನು ಪದಪದವಾಗಿ ಓದಿ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಎಂದಿದ್ದರೆ ಸಾಮಾನ್ಯವಾಗಿ ನೆಟ್ ಅಥವಾ ಗೇಟ್ ಪರೀಕ್ಷೆಯ ಅರ್ಹತೆ ಕೇಳುತ್ತಾರೆ, ಅದಿಲ್ಲದೆ ವಾಕ್-ಇನ್ ಸಂದರ್ಶನಕ್ಕೆ ಹೋದರೆ ಬಸ್ ಚಾರ್ಜು ದಂಡ.

ರೆಸ್ಯೂಮೆ ಪಿಡಿಎಫ್ ಆಗಿರಲಿ, ಫೈಲಿನ ಹೆಸರಲ್ಲಿ ನಿಮ್ಮ ಹೆಸರೂ ಹುದ್ದೆಯೂ ಇರಲಿ. ಖಾಲಿ ಮೇಲ್‌ಗೆ ಫೈಲ್ ಅಂಟಿಸಿ ಕಳಿಸಬೇಡಿ; ಯಾವ ಹುದ್ದೆ, ನಿಮ್ಮ ಹತ್ತಿರದ ಅನುಭವವೇನು, ಯಾವಾಗಿಂದ ಬರಬಲ್ಲಿರಿ ಎಂದು ಐದಾರು ಸಾಲು ಸಾಕು. ರೆಫರೆನ್ಸ್‌ಗೆ ಪ್ರಾಜೆಕ್ಟ್ ಗೈಡ್ ಹೆಸರು ಹಾಕುವ ಮುನ್ನ ಅವರನ್ನು ಕೇಳಿ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡ್, ಪಿಡಿಸಿ (ತಾತ್ಕಾಲಿಕ ಪದವಿ ಪತ್ರ), ಆಧಾರ್ ಇವುಗಳ ಒರಿಜಿನಲ್ ಜೊತೆ ಎರಡು ಸೆಟ್ ಜೆರಾಕ್ಸ್ ಒಯ್ಯಿರಿ. ಒರಿಜಿನಲ್ಲನ್ನು ತೋರಿಸಿ ವಾಪಸ್ ಇಸಕೊಳ್ಳಿ, ಕಂಪನಿಯಲ್ಲಿ ಬಿಟ್ಟು ಬರಬೇಡಿ. ಕೆಲಸಕ್ಕೆ ಮುಂಗಡ ದುಡ್ಡು ಕೇಳುವವರು ಕೆಲಸ ಕೊಡುವವರಲ್ಲ.

ಸಂದರ್ಶಕರು ಕೊನೆಗೆ ‘ನಮ್ಮನ್ನೇನಾದರೂ ಕೇಳುವುದಿದೆಯೇ?’ ಎಂದಾಗ ತಲೆಯಾಡಿಸಿ ಏಳಬೇಡಿ, ಇವನ್ನು ಕೇಳಿ. ಸಂಬಳದ ಹಾಳೆ ಯಾರದು, ಕಂಪನಿಯದೇ ಅಥವಾ ಗುತ್ತಿಗೆದಾರರದೇ? ಹೇಳಿದ ಮೊತ್ತದಲ್ಲಿ ಪಿಎಫ್ ಸೇರಿದೆಯೇ? ರಾತ್ರಿ ಪಾಳಿ ಇದೆಯೇ, ಇದ್ದರೆ ಮನೆಗೆ ಬಿಡುವ ವಾಹನ ಮೈಸೂರಿನವರೆಗೆ ಮಾತ್ರವೋ ಅದರಾಚೆಗೂ ಬರುತ್ತದೋ? ಮದ್ದೂರಿನಿಂದ ದಿನಾ ನಂಜನಗೂಡಿಗೆ ಓಡಾಡುವುದು ಆಗದ ಮಾತು, ಹಾಗಾಗಿ ಮೈಸೂರಿನಲ್ಲಿ ಪಿಜಿ ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿದ ಮೇಲೇ ಹೂಂ ಅನ್ನಿ.