ಮ್ಯಾಕ್ 6 (ಶಬ್ದದ ಆರು ಪಟ್ಟು) ವೇಗದ ಸ್ಕ್ರ್ಯಾಮ್‌ಜೆಟ್ ಎಂಜಿನ್‌ನ ಇನ್‌ಲೆಟ್ (ಗಾಳಿ ಒಳಬರುವ ದಾರಿ) ಸಿಮ್ಯುಲೇಶನ್‌ಗೆ ಯಾವ ಟರ್ಬ್ಯುಲೆನ್ಸ್ ಮಾಡೆಲ್ (ಹರಿವಿನ ಕದಡಾಟವನ್ನು ಲೆಕ್ಕ ಹಾಕುವ ಸೂತ್ರಗಳು) ಒಳ್ಳೆಯದು?
ಕೆ-ಒಮೆಗಾ ಎಸ್‌ಎಸ್‌ಟಿಯಿಂದ ಶುರು ಮಾಡಿ. ಆದರೆ ಅದು ಕೊಡುವ ಉತ್ತರವನ್ನು ಸುಮ್ನೆ ನಂಬಬೇಡಿ.

ನಿಜವಾದ ಕಷ್ಟ ಇರುವುದು ಶಾಕ್ (ಆಘಾತ ಅಲೆ) ಬಂದು ಗೋಡೆಯ ಬೌಂಡರಿ ಲೇಯರ್‌ಗೆ, ಅಂದರೆ ಗೋಡೆಗೆ ಅಂಟಿದ ತೆಳು ಗಾಳಿಪದರಕ್ಕೆ, ಬಡಿಯುವ ಜಾಗದಲ್ಲಿ. ಅಲ್ಲಿ ಒತ್ತಡ ದಿಢೀರ್ ಏರುತ್ತದೆ, ಹರಿವು ಗೋಡೆ ಬಿಟ್ಟು ಸುಳಿಯಾಗುತ್ತದೆ. ಸುಳಿ ತುಂಬಾ ಬೆಳೆದರೆ ಗಾಳಿಯ ದಾರಿಯೇ ಕಟ್ಟಿಕೊಂಡು ಇನ್‌ಲೆಟ್ ಅನ್‌ಸ್ಟಾರ್ಟ್ ಆಗಬಹುದು, ಅಂದರೆ ಎಂಜಿನ್‌ಗೆ ಬೇಕಾದಷ್ಟು ಗಾಳಿ ಒಳಗೆ ಹೋಗದಿರಬಹುದು. ಕೆ-ಎಪ್ಸಿಲಾನ್ ಎಂಬ ಇನ್ನೊಂದು ಮಾಡೆಲ್ ಈ ಸುಳಿಯನ್ನು ಸಾಮಾನ್ಯವಾಗಿ ಚಿಕ್ಕದಾಗಿ ತೋರಿಸುತ್ತದೆ. ಅಪಾಯವನ್ನೇ ಮುಚ್ಚಿಡುವ ತಪ್ಪು ಇದು, ಹಾಗಾಗಿ ನಾನು ಅದನ್ನು ಇಲ್ಲಿ ಬಳಸುವುದಿಲ್ಲ. ಎಸ್‌ಎಸ್‌ಟಿ ಇದಕ್ಕೆ ಉಲ್ಟಾ, ಸುಳಿಯನ್ನು ಜಾಸ್ತಿ ದೊಡ್ಡದು ಮಾಡುವುದುಂಟು. ಅದರಲ್ಲಿ ಶಿಯರ್ ಸ್ಟ್ರೆಸ್‌ಗೆ ಮಿತಿ ಹಾಕುವ ಎ1 ಎಂಬ ಸ್ಥಿರಾಂಕದ ಬೆಲೆ 0.31. ಅದನ್ನು 0.355ಕ್ಕೆ ಏರಿಸಿದರೆ ಸುಳಿ ಕುಗ್ಗುತ್ತದೆ. ಎರಡೂ ಬೆಲೆ ಹಾಕಿ ಓಡಿಸಿ; ಫಲಿತಾಂಶ ಎಷ್ಟು ಅಲುಗಾಡುತ್ತದೆ ಅಂತ ಗೊತ್ತಾಗುತ್ತದೆ.

ಸ್ಪಾಲಾರ್ಟ್-ಆಲ್ಮರಾಸ್ ಎಂಬ ಮೂರನೇ ಮಾಡೆಲ್‌ನಲ್ಲಿ ಒಂದೇ ಸಮೀಕರಣ. ಬೇಗ ಮುಗಿಯುತ್ತದೆ, ಮೊದಲ ಹಂತದ ವಿನ್ಯಾಸಕ್ಕೆ ಸಾಕು.

ಗೋಡೆಯ ಶಾಖ ಬೇಕಿದ್ದರೆ ಇನ್ನೂ ಎಚ್ಚರ. ಹರಿವು ಮತ್ತೆ ಗೋಡೆಗೆ ಅಂಟುವ ಜಾಗದಲ್ಲಿ ಎಸ್‌ಎಸ್‌ಟಿ, ಕೆ-ಎಪ್ಸಿಲಾನ್‌ನಂಥ ಎರಡು ಸಮೀಕರಣದ ಮಾಡೆಲ್‌ಗಳು ಶಾಖವನ್ನು ಹೆಚ್ಚಾಗಿ ಹೇಳುವುದು ಸಾಮಾನ್ಯ. ಗ್ರಿಡ್‌ನ ವೈ-ಪ್ಲಸ್ (ಗೋಡೆಯಿಂದ ಮೊದಲ ಗ್ರಿಡ್ ಬಿಂದು ಎಷ್ಟು ದೂರ ಎಂಬ ಅಳತೆ) 1ಕ್ಕಿಂತ ಕಡಿಮೆ ಇರಲಿ.

ಇನ್ನೊಂದು ವಿಷಯ: ಹರಿವು ಎಲ್ಲಿ ಲ್ಯಾಮಿನಾರ್‌ನಿಂದ (ನಯವಾದ ಹರಿವಿನಿಂದ) ಟರ್ಬ್ಯುಲೆಂಟ್ (ಕದಡಿದ ಹರಿವು) ಆಗುತ್ತದೆ ಎಂಬುದನ್ನು ಈ ಮೂರೂ ತಾವಾಗಿ ಸರಿಯಾಗಿ ಹೇಳಲಾರವು. ನಾಸಾದ ಎಕ್ಸ್-43ಎ ವಿಮಾನದಲ್ಲಿ ಇನ್‌ಲೆಟ್‌ಗಿಂತ ಮುಂದೆಯೇ ಟ್ರಿಪ್‌ಗಳನ್ನು (ಚಿಕ್ಕ ಉಬ್ಬುಗಳನ್ನು) ಇಟ್ಟು ಹರಿವನ್ನು ಬೇಕೆಂದೇ ಕದಡಿದ್ದರು. ನಿಮ್ಮ ಮಾದರಿಯಲ್ಲಿ ಟ್ರಿಪ್ ಇಲ್ಲದಿದ್ದರೆ ಈ ಬದಲಾವಣೆಯ (ಟ್ರಾನ್ಸಿಶನ್) ಜಾಗವನ್ನು ಬದಲಿಸಿ ಬದಲಿಸಿ ನೋಡಿ.