ಎಡ್ಮಂಟನ್ನಿನ ಮಧ್ಯಾಹ್ನಕ್ಕೆ ವಿಜಯಪುರದ ಬುದ್ಧಿಮಾತು

ನವೆಂಬರ್ ಮುಗಿಯುತ್ತಿದ್ದಂತೆ ವಿಜಯಪುರ, ಬಾಗಲಕೋಟೆ ಕಡೆಯ ತಂದೆತಾಯಿಗಳು ಒಂದೇ ಬಗೆಯ ದೂರು ಹೊತ್ತು ಆಪ್ತಸಲಹೆಗೆ ನನ್ನ ಬಳಿ ಬರುತ್ತಾರೆ. ಹೊರದೇಶಕ್ಕೆ ಓದಲು ಹೋದ ಮಗ ಫೋನ್ ಎತ್ತುವುದಿಲ್ಲ, ಎತ್ತಿದರೂ ಮಾತಿಲ್ಲ, ಹಗಲೆಲ್ಲ ಮಲಗಿರುತ್ತಾನೆ. ಅಂಥ ಒಬ್ಬನ ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ವಿಜಯಪುರದ ಹುಡುಗ. ಕೆನಡಾದ ಎಡ್ಮಂಟನ್‌ನಲ್ಲಿ ಸ್ನಾತಕೋತ್ತರ ಓದು, ಮೊದಲ ಚಳಿಗಾಲ. ಹತ್ತು ಹನ್ನೆರಡು ತಾಸು ಮಲಗಿದರೂ ದಣಿವು, ಬ್ರೆಡ್ಡು ಮತ್ತು ಸಿಹಿಯ ಮೇಲೆ ವಿಪರೀತ ಆಸೆ, ಅಸೈನ್‌ಮೆಂಟುಗಳೆಲ್ಲ ಬಾಕಿ. ತಂದೆ ಇದನ್ನು ಮೈಗಳ್ಳತನ ಎಂದಿದ್ದರು.

ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಮಾತುಕತೆಯಲ್ಲೇ ನೇರವಾಗಿ ಕೇಳಿದೆ. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಇಲ್ಲ ಎಂದ. ಹೌದು ಅಂದಿದ್ದರೆ ದಾರಿಯೇ ಬೇರೆ: ಕೆನಡಾದಲ್ಲಿ 988 ಸಹಾಯವಾಣಿಗೆ ಕರೆ, ಜೊತೆಗೊಬ್ಬರು, ಅದೇ ದಿನ ವೈದ್ಯರು. ಇಲ್ಲಿರುವವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.

ಮುಂದಿನ ವಿಡಿಯೋ ಕರೆಗೆ ತಂದೆತಾಯಿ ಇಬ್ಬರನ್ನೂ ಕೂರಿಸಿಕೊಂಡೆ. ಇಲ್ಲಿ ರಾತ್ರಿ ಎಂಟೂವರೆ, ಅಲ್ಲಿ ಬೆಳಗಿನ ಎಂಟು. ಡಿಸೆಂಬರ್ ಕೊನೆಯಾದ್ದರಿಂದ ಅಲ್ಲಿ ಇನ್ನೂ ಹೊತ್ತು ಹುಟ್ಟಿರಲಿಲ್ಲ. ತಾಯಿ ನನಗೆ ಹೇಳಿದರು: "ದಿನಾ ಹೇಳತೇನ್ರಿ ಮೇಡಂ, ಥಂಡ್ಯಾಗ ಹೊರಗ ಹೋಗಬ್ಯಾಡಪಾ, ಬಾಗಲಾ ಹಾಕ್ಕೊಂಡು ಬೆಚ್ಚಗ ಇರು ಅಂತ. ಇನ್ನೇನ ಮಾಡ್ಲಿ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಅವ್ವಾ, ನೀ ಹೋಗಬ್ಯಾಡ ಅಂದಕೂಡ್ಲೆ ನನಗ ಹಗರ ಅನಸ್ತದ. ಇವತ್ತೂ ಹೋಗೂದು ತಪ್ಪಿತು ಅಂತ."

ಈ ಮಾತೇ ಇಡೀ ಪ್ರಕರಣದ ಬೀಗ ತೆಗೆಯಿತು. ಮನಸ್ಸು ಕುಗ್ಗಿದವನಿಗೆ ಹೊರಗೆ ಹೋಗುವುದೇ ಬೇಡವಾಗಿರುತ್ತದೆ. ತಾಯಿಯ ಅಕ್ಕರೆ ಅದಕ್ಕೆ ದಿನವೂ ಪರವಾನಗಿ ಕೊಡುತ್ತಿತ್ತು. ತಾಯಿಯದು ತಪ್ಪಲ್ಲ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ನಡು ಮಧ್ಯಾಹ್ನ ಕಿಟಕಿ ಮುಚ್ಚಿ ಒಳಗಿರುವುದೇ ಜಾಣತನ. ಆದರೆ ಎಡ್ಮಂಟನ್ ಇರುವುದು 53.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿನ ಹಗಲು ಏಳೂವರೆ ತಾಸು, ವಿಜಯಪುರದಲ್ಲಿ ಹನ್ನೊಂದು ತಾಸಿಗೂ ಹೆಚ್ಚು. ನಡು ಮಧ್ಯಾಹ್ನವೂ ಸೂರ್ಯ ದಿಗಂತದಿಂದ 13 ಡಿಗ್ರಿ ಮೇಲೇರುವುದಷ್ಟೇ. ನಾವು ಒಳಗೆ ಸೇರುವ ಹೊತ್ತೇ ಅಲ್ಲಿ ಹೊರಗೆ ಬರಬೇಕಾದ ಹೊತ್ತು.

ಇನ್ನೊಂದು ಸಂಗತಿಯೂ ಅದೇ ದಿನ ಗೊತ್ತಾಯಿತು. ತಂದೆ ಅಂಗಡಿಯಿಂದ ಊಟಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಫೋನ್ ಮಾಡುತ್ತಿದ್ದರು. ಅಲ್ಲಿ ಆಗ ರಾತ್ರಿ ಒಂದೂವರೆ. ಅದಕ್ಕಾಗಿ ಎಚ್ಚರವಿದ್ದ ಹುಡುಗ ಮಲಗುವಾಗ ಮೂರಾಗುತ್ತಿತ್ತು, ಏಳುವಾಗ ಮಧ್ಯಾಹ್ನ ಒಂದು. ಸಂಜೆ ನಾಲ್ಕೂ ಕಾಲಿಗೆ ಕತ್ತಲು. ಅವನ ಪಾಲಿಗೆ ಉಳಿದ ಬೆಳಕು ಮೂರು ತಾಸು, ಅದಕ್ಕೂ ಪರದೆ ಎಳೆದಿತ್ತು.

ಹಗಲ ಬೆಳಕು ಕಡಿಮೆಯಾದಾಗ ಬರುವ ಚಳಿಗಾಲದ ಈ ಖಿನ್ನತೆಯನ್ನು ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಎಂದು ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಹುಡುಗನಿಗೆ ನಾನು ಆ ಹೆಸರು ಹಚ್ಚಲಿಲ್ಲ. ಸತತ ಎರಡು ವರ್ಷ ಹೀಗಾದರೆ ಮಾತ್ರ ಹಾಗೆನ್ನಬಹುದು. ವಿಶ್ವವಿದ್ಯಾಲಯದ ವೈದ್ಯರನ್ನು ಕಾಣಲೇಬೇಕೆಂದೆ. ಔಷಧ ಬೇಕೋ ಬೇಡವೋ ಎಂಬುದು ಅವರ ತೀರ್ಮಾನ.

ನಾನು ಹೇಳಿದ ಮೊದಲ ಬದಲಾವಣೆ ಫೋನಿನದು. ಇಲ್ಲಿ ಬೆಳಿಗ್ಗೆ ಎಂಟೂವರೆಗೆ ಕರೆ ಮಾಡಿದರೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು, ಇಬ್ಬರಿಗೂ ಸರಿ. ರಜೆಯಿದ್ದರೂ ಎಂಟಕ್ಕೆ ಏಳಬೇಕು. ಎದ್ದ ಒಂದು ತಾಸಿನೊಳಗೆ 10,000 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಲ್ಯಾಂಪಿನ ಮುಂದೆ ಅರ್ಧ ತಾಸು ಕೂರಬೇಕು. ಇಲ್ಲಿ ಎಡವುವವರೇ ಹೆಚ್ಚು. ಆ 10,000 ಸಿಗುವುದು ತಯಾರಕರು ಹೇಳಿದ ದೂರದಲ್ಲಿ ಮಾತ್ರ, ಸಾಮಾನ್ಯವಾಗಿ 30ರಿಂದ 60 ಸೆಂಟಿಮೀಟರ್. ಕೋಣೆಯ ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಯುವಿ, ಅಂದರೆ ನೇರಳಾತೀತ ಕಿರಣ, ಸೋಸುವ ಲ್ಯಾಂಪೇ ಆಗಬೇಕು. ಕಣ್ಣು ತೆರೆದಿರಬೇಕು, ಆದರೆ ದೀಪವನ್ನೇ ದಿಟ್ಟಿಸಬಾರದು; ಪಕ್ಕಕ್ಕಿಟ್ಟು ಚಹಾ ಕುಡಿಯಬಹುದು, ಓದಬಹುದು. ಸಂಜೆ ಹಚ್ಚಿದರೆ ನಿದ್ದೆ ಕೆಡುತ್ತದೆ. ಒಂದೆರಡು ವಾರ ಬಿಡದೆ ಮಾಡಿದ ಮೇಲೆಯೇ ಫಲ ಗೊತ್ತಾಗುವುದು. ರೆಟಿನಾದ ತೊಂದರೆ ಇದ್ದವರು, ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆ) ಇದ್ದವರು ಅಥವಾ ಮನೆತನದಲ್ಲಿ ಅದಿದ್ದವರು ವೈದ್ಯರನ್ನು ಕೇಳದೆ ಮುಟ್ಟಕೂಡದು.

ಆಮೇಲೆ, ಹನ್ನೆರಡರಿಂದ ಒಂದರೊಳಗೆ ಅರ್ಧ ತಾಸು ಹೊರಗೆ ನಡಿಗೆ. ತಾಯಿಗೆ ಸಿಟ್ಟು ಬಂತು: "ಅಷ್ಟು ಥಂಡ್ಯಾಗ ಹುಡುಗನ್ನ ಹೊರಗ ದಬ್ಬತೀರಿ?" ಆ ಅಂಜಿಕೆ ಸುಳ್ಳಲ್ಲ. ಗಾಳಿ ಸೇರಿ ಮೈಗೆ ತಾಗುವ ಚಳಿ, ಅಂದರೆ ವಿಂಡ್ ಚಿಲ್, ಮೈನಸ್ 28ಕ್ಕಿಂತ ಇಳಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ರಲ್ಲಿ ಐದು ನಿಮಿಷವೂ ಸಾಕಾದೀತು. ಹಾಗಾಗಿ ವಿಂಡ್ ಚಿಲ್ ನೋಡಿಯೇ ಹೊರಡಬೇಕು, ಮೈನಸ್ 28ರ ಕೆಳಗಿದ್ದ ದಿನ ಒಳಗೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಕೂರಬೇಕು. ಇವನು ಊರಿನ ಹತ್ತಿ ಬನಿಯನ್ ಮೇಲೆ ಜಾಕೆಟ್ ತೊಡುತ್ತಿದ್ದ. ಬೆವರು ಹೀರಿದ ಹತ್ತಿ ಬೇಗ ಒಣಗದೆ ಮೈಯ ಬಿಸಿಯನ್ನೇ ಎಳೆಯುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಮಧ್ಯೆ ಫ್ಲೀಸ್, ಮೇಲೆ ಗಾಳಿ ತಡೆಯುವ ಕೋಟು. ಬೆರಳು ಬಿಡಿಯಾಗಿರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ. ಎರಡು ಸಾಕ್ಸ್ ತುರುಕಿ ಬೂಟು ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ವಿಟಮಿನ್ ಡಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಳಿಗಾಲದ ಆ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸಲಾರದು, ಆದ್ದರಿಂದ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದು ಎಲುಬಿಗೆ ಒಳ್ಳೆಯದು. ಖಿನ್ನತೆಗೆ ಅದೊಂದೇ ಮದ್ದು ಎಂದು ಲ್ಯಾಂಪನ್ನೂ ನಡಿಗೆಯನ್ನೂ ಬಿಡಬಾರದು.

ವಾಪಸ್ ಕರೆಸಿಕೊಳ್ಳಿ ಎಂದು ನಾನೇಕೆ ಹೇಳಲಿಲ್ಲ ಎಂದು ಸಂಬಂಧಿಕರು ಕೇಳಿದರು. ಜೀವಕ್ಕೆ ಅಪಾಯವಿದ್ದರೆ ಒಂದು ದಿನವೂ ಕಾಯುತ್ತಿರಲಿಲ್ಲ. ಇಲ್ಲದಿದ್ದಾಗ, ಕುಗ್ಗಿದ ಮನಸ್ಸಿನಿಂದ ಜನವರಿಯಲ್ಲಿ ಮಾಡಿದ ತೀರ್ಮಾನಕ್ಕೆ ಹುಡುಗರು ಮೇ ತಿಂಗಳಲ್ಲಿ ಹಲುಬುವುದನ್ನು ಬಹಳ ಕಂಡಿದ್ದೇನೆ. ಹಗಲು ಉದ್ದವಾದ ಮೇಲೆ ಆ ಮಾತು ಎತ್ತೋಣ ಎಂದೆ, ಈಗಲೂ ಹಾಗೆಯೇ ಹೇಳುತ್ತೇನೆ.

ಹುಡುಗ ಏಪ್ರಿಲ್‌ನಲ್ಲಿ ಲ್ಯಾಂಪ್ ನಿಲ್ಲಿಸಿದ, ಓದು ಮುಂದುವರಿಸಿದ್ದಾನೆ. ಮುಂದಿನ ಚಳಿಗಾಲಕ್ಕೆ ಮನಸ್ಸು ಕುಗ್ಗುವವರೆಗೆ ಕಾಯದೆ ಅಕ್ಟೋಬರಿನಲ್ಲೇ ಶುರು ಮಾಡಲು ಹೇಳಿದ್ದೇನೆ. ತಾಯಿ ಈಗ ಕೇಳುವುದು, "ಇವತ್ತ ಮಧ್ಯಾಹ್ನ ಹೊರಗ ಹೋಗಿದ್ದೇನಪಾ?"