ಸ್ವಂತ ಬದುಕಿನ ಪ್ರಬಂಧದಲ್ಲಿ ಕತೆ ಯಾಕೆ ಬೇಕು? ಅನಿಸಿದ್ದನ್ನು ನೇರ ಹೇಳಿದರೆ ಸಾಲದೇ?

ಸಾಲದು. ನಡೆದಾಗ ಅರ್ಥವಾಗದ್ದು ಎಷ್ಟೋ ಸಲ ಕತೆಯಾಗಿ ಹೇಳುವಾಗ ಅರ್ಥವಾಗುತ್ತದೆ. ಇಂಥ ಪ್ರಬಂಧದಲ್ಲಿ ಇಬ್ಬರು 'ನಾನು' ಇರುತ್ತಾರೆ: ಅಂದು ಅನುಭವಿಸಿದ ನಾನು, ಇಂದು ಬರೆಯುತ್ತಿರುವ ನಾನು. ಅಂದಿನವರಿಗೆ ಕಾಣದ್ದು ಇಂದಿನವರಿಗೆ ಕಾಣುತ್ತದೆ.

ಮಲ್ಪೆಯ ಒಂದು ಮನೆ ಅಂದುಕೊಳ್ಳಿ. ಮಳೆಗಾಲದ ಮೀನುಗಾರಿಕೆ ರಜೆ, ಸುಮಾರು ಎರಡು ತಿಂಗಳು. ಬೋಟಿನಲ್ಲಿ ದುಡಿಯುವ ಅಪ್ಪ ಜಗಲಿಯಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಾರೆ. ಮಾತಿಲ್ಲ. ಹೊಸ ಕೊಡೆ ಕೇಳಿದ ಮಗಳಿಗೆ ಉತ್ತರವೂ ಇಲ್ಲ. ಅಪ್ಪನಿಗೆ ನನ್ನ ಮೇಲೆ ಸಿಟ್ಟು ಅಂತ ಅವಳು ನಂಬಿಬಿಡುತ್ತಾಳೆ. 20 ವರ್ಷದ ನಂತರ ಬರೆಯಲು ಕೂತಾಗ ಕೊಡೆ, ಬಲೆ, ಜುಲೈ ತಿಂಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಎರಡು ತಿಂಗಳು ಸಂಪಾದನೆಯೇ ಇರಲಿಲ್ಲ ಅಲ್ವಾ! ಕೈ ಖಾಲಿ ಅಂತ ಮಗಳ ಹತ್ತಿರ ಹೇಳಲು ಅಪ್ಪ ನಾಚಿದ್ದರು. ನೆನಪು ಹಳೆಯದೇ, ಜೋಡಣೆ ಹೊಸದು.

'ಬಡತನ ಕಷ್ಟ' ಅಂತ ಸುಮ್ನೆ ಬರೆದಿದ್ದರೆ ಆ ನಾಚಿಕೆ ಸಿಗುತ್ತಿರಲಿಲ್ಲ. ಫ್ರಾನ್ಸಿನ ಲೇಖಕ ಮೊಂತೇನ್ 1580ರಲ್ಲಿ ತನ್ನ ಇಂಥ ಬರಹಗಳಿಗೆ ಇಟ್ಟ ಹೆಸರಿನ ಅರ್ಥವೇ 'ಪ್ರಯತ್ನಗಳು'. ತೀರ್ಪು ಮೊದಲೇ ಕೈಲಿದ್ದರೆ ಪ್ರಯತ್ನ ಯಾಕೆ?

ಒಂದು ಅಪಾಯ ಇದೆ: ಕತೆ ಚೆಂದ ಆಗಲಿ ಅಂತ ನೆನಪನ್ನೇ ತಿದ್ದುವ ಆಸೆ. ಕೊಡೆಯ ಬಣ್ಣ ನೆನಪಿಲ್ಲದಿದ್ದರೆ 'ನೆನಪಿಲ್ಲ' ಅಂತಲೇ ಬರೆಯಿರಿ. ನನಗಂತೂ ಅಂಥ ಸಾಲಿನ ಮೇಲೆ ನಂಬಿಕೆ ಜಾಸ್ತಿ.